ಬಲ್ಮಠದ ಸೆಮಿನರಿ: ಕಲಿಕೆಯ ನಿಯಮ, ವಿದ್ಯಾರ್ಥಿಗಳ ನೆರವು ಮತ್ತು ಧಾರವಾಡ ಸೀಮೆ

ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಕನ್ನಡ ನಾಡಿನ ಪ್ರಾಟೆಸ್ಟಂಟ್ ಸಭೆಗಳಿಗೆ ಸಭಾಪಾಲಕರನ್ನು ಸಿದ್ಧಗೊಳಿಸುವ ಉನ್ನತ ವಿದ್ಯಾಲಯ. ಈಗಿನ ಹೆಸರು 1965ರದು. ಮೂಲ ಮಾತ್ರ ಬಾಸೆಲ್ ಮಿಶನ್ 1847ರಲ್ಲಿ ತೆರೆದ ಸೆಮಿನರಿ. ಧಾರವಾಡ ಸೀಮೆಯ ನವಲಗುಂದ, ಕುಂದಗೋಳ, ಅಣ್ಣಿಗೇರಿಯ ಎರೆನಾಡಿನಿಂದಾಗಲಿ ಕಲಘಟಗಿಯ ಸೆರಗಿನ ಊರುಗಳಿಂದಾಗಲಿ ಈ ವಿದ್ಯೆಗೆ ಹೊರಟವರು ಕನ್ನಡದಲ್ಲೇ ಓದಬೇಕೆಂದರೆ ಘಟ್ಟ ಇಳಿಯುವುದು ಹಿಂದಿನಿಂದ ಬಂದ ರೂಢಿ.

ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಹೊರಟ ಮೂವರು ಮಿಶನರಿಗಳು ಮಂಗಳೂರಿಗೆ ಬಂದಿಳಿದದ್ದು 1834ರ ಅಕ್ಟೋಬರ್ 30ರಂದು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಅವರ ಠಾಣೆಗಳಾದವು. ಹುಬ್ಬಳ್ಳಿ ಸುತ್ತಿನಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ್ದ ಕೆಲವರು ತಾವು ಕಾಯುತ್ತಿದ್ದವರು ಇವರೇ ಇರಬಹುದೆಂದು ಮಿಶನರಿಗಳ ಬಳಿ ಬಂದಾಗ ದೊಡ್ಡ ಆಸೆ ಹುಟ್ಟಿತು. ಹಾಗೆ ಬರುವವರಿಗೆ ಹೊಲ, ಮನೆ ಬೇಕಾಗುತ್ತದೆಂದು ಗದಗಿನ ಹತ್ತಿರ ಮಲಸಮುದ್ರದಲ್ಲಿ ಬೇಸಾಯದ ವಸಾಹತು ಕಟ್ಟಿದರು. ನಿರೀಕ್ಷಿಸಿದ ಜನ ಬರಲಿಲ್ಲ. ಆದರೂ ಈ ಪ್ರಯೋಗವನ್ನು ಗಮನಿಸದೆ ಸೆಮಿನರಿಯ ಚರಿತ್ರೆ ಬರೆಯಲಾಗದು: ಸೇರಿದವನ ಹೊಟ್ಟೆಬಟ್ಟೆಯ ಹೊಣೆ ಸೇರಿಸಿಕೊಂಡವರದೇ ಎಂಬ ತಿಳಿವಳಿಕೆ ಪಾಠಪಟ್ಟಿಗಿಂತ ಮೊದಲೇ ಇಲ್ಲಿ ರೂಪುಗೊಂಡಿತ್ತು.

ಅದಕ್ಕೆ ಕಾರಣ ಸ್ಪಷ್ಟವಿತ್ತು. ಜಾತಿ ಬಿಟ್ಟವನಿಗೆ ಮನೆಯ ಬಾಗಿಲು ಮುಚ್ಚುತ್ತಿತ್ತು. ಆಸ್ತಿಯ ಪಾಲೂ ತಪ್ಪುವ ಭಯವಿತ್ತು. ಮತ ಬದಲಿಸಿದವರ ವಾರಸು ಹಕ್ಕನ್ನು ಕಾಯುವ ಕಾನೂನು ಕಂಪನಿ ಸರ್ಕಾರದ ಆಳ್ವಿಕೆಯ ಎಲ್ಲ ಕಡೆಗೂ ಬಂದದ್ದು 1850ರಲ್ಲಿ. 1844ರಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರಲ್ಲಿ ಎದ್ದ ಗದ್ದಲ ಸಣ್ಣದಲ್ಲ. ಮಿಶನ್ ಅವರನ್ನು ಬಾಸೆಲಿಗೆ ಕಳಿಸಿ ಓದಿಸಿತು. 1851ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಅಂದಿನ ಸೆಮಿನರಿಯ ಉಚಿತ ಊಟ, ವಸತಿ, ಬಟ್ಟೆಯನ್ನು ಆಮಿಷವೆಂದು ತೆಗಳುವುದೂ ದಾನವೆಂದು ಹೊಗಳುವುದೂ ಇವತ್ತಿಗೆ ಸುಲಭ. ಹಿಂದಿರುಗಲು ಮನೆಯೇ ಇಲ್ಲದ ಹುಡುಗನಿಗೆ ಬೋರ್ಡಿಂಗೇ ಮನೆಯಾಗಿತ್ತು. ಇದರ ಇನ್ನೊಂದು ಮುಖ ಶಿಸ್ತು: ಅನ್ನ ಹಾಕುವವರೇ ಪಾಠ ಹೇಳುವವರೂ ಕೆಲಸ ಕೊಡುವವರೂ ಆಗಿದ್ದರಿಂದ ವಿದ್ಯಾರ್ಥಿಗೆ ಎದುರಾಡುವ ಜಾಗ ಕಿರಿದು. ಪುಸ್ತಕದ ವಿದ್ಯೆ ಒಗ್ಗದವರನ್ನು ಮಗ್ಗ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳು ಎಳೆದುಕೊಂಡವು. ಮುದ್ರಣಾಲಯ 1841ರದು, ಹಂಚಿನ ಕೆಲಸ 1865ರಲ್ಲಿ ಆರಂಭ.

ಪಾಠದ ಭಾಷೆಯ ವಿಷಯದಲ್ಲಿ ಈ ಸಂಸ್ಥೆ ತನ್ನ ಕಾಲಕ್ಕಿಂತ ಮುಂದಿತ್ತೆನ್ನಬಹುದು. ಇಂಗ್ಲಿಷ್ ವಿದ್ಯೆಗೆ ಸರ್ಕಾರವೇ ಒಲಿದಿದ್ದ ದಿನಗಳಲ್ಲಿ ಬಾಸೆಲ್ ಮಿಶನರಿ ಹರ್ಮನ್ ಮೋಗ್ಲಿಂಗ್ ಕನ್ನಡವನ್ನು ಹಿಡಿದರು. ಊರವರ ಕಾವ್ಯ ಓದದವನು ಊರವರಿಗೆ ಬೋಧಿಸಲಾರನೆಂಬುದು ಅವರ ನಿಲುವು. ಕಸಾಮೇಜರ್ ಎಂಬ ಸರ್ಕಾರಿ ಅಧಿಕಾರಿ ಕೊಟ್ಟ ಹಣದಿಂದ 1848ರಿಂದಾಚೆಗೆ ಅವರು ಕಲ್ಲಚ್ಚಿನಲ್ಲಿ ತಂದ ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಇದ್ದವು.

ಆ ನಿಲುವಿನ ಫಲವನ್ನು ಧಾರವಾಡದವರೇ ಆದ ಉತ್ತಂಗಿ ಚನ್ನಪ್ಪನವರಲ್ಲಿ (1881–1962) ಕಾಣಬಹುದು. ಮಂಗಳೂರಿನ ಸೆಮಿನರಿಯಲ್ಲಿ ಕಲಿತು ಸಭಾಪಾಲಕರಾದ ಅವರು ಹಳ್ಳಿಹಳ್ಳಿ ತಿರುಗಿ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹ ಪ್ರಕಟಿಸಿದರು. ಶರಣರ ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆಯೂ ವಾದಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರ ಸಾಧನೆಯನ್ನೆಲ್ಲ ಸೆಮಿನರಿಯ ಖಾತೆಗೆ ಬರೆಯುವುದು ಸರಿಯಲ್ಲ. ಅರ್ಧದಷ್ಟು ಅವರ ಹಟದ್ದು.

1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಸ್ಥಾಪನೆಯಾಯಿತು. ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು ಮೊದಲೇ ಸೇರಿದವು, ಧಾರವಾಡ ಕಡೆಯವು ತಡವಾಗಿ. ಹೀಗೆ ಬೇರೆಬೇರೆ ಮಿಶನ್ನುಗಳ ಶಾಲೆಗಳನ್ನು ಕೂಡಿಸುವ ದಾರಿ ತೆರೆಯಿತು. 1965ರಲ್ಲಿ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿ ಬಲ್ಮಠದ ಶಾಲೆಯೊಂದಿಗೆ ಬೆರೆತು ಇಂದಿನ ಕಾಲೇಜಾಯಿತು.

ಬಲ್ಮಠದ ಕಾಲೇಜು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟಿಗೆ ಸಂಯೋಜಿತ. 1818ರಲ್ಲಿ ಕಟ್ಟಿದ ಆ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಬಂದದ್ದು 1827ರಲ್ಲಿ, ಡೆನ್ಮಾರ್ಕಿನ ದೊರೆಯ ಸನ್ನದಿನಿಂದ. ಪಠ್ಯಕ್ರಮ, ಪರೀಕ್ಷೆ, ಪದವಿ ಸೆನೆಟಿನ ಕೈಯಲ್ಲಿ; ಹಾಸ್ಟೆಲ್, ಪ್ರಾರ್ಥನೆ, ದಿನಚರಿ ಕಾಲೇಜಿನ ಕೈಯಲ್ಲಿ. ಮುಖ್ಯ ಪದವಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ); ಆಯ್ದ ವಿಷಯಗಳಲ್ಲಿ ಎಂ.ಟಿಎಚ್. (ಮಾಸ್ಟರ್ ಆಫ್ ಥಿಯಾಲಜಿ) ಕೂಡ ಇದೆ. ಬೈಬಲ್, ಸಭಾಚರಿತ್ರೆಗಳ ಜೊತೆಗೆ ಹೀಬ್ರೂ ಅಥವಾ ಗ್ರೀಕ್ ಭಾಷೆಯನ್ನೂ ಇತರ ಧರ್ಮಗಳನ್ನೂ ಓದಬೇಕು. ಕನ್ನಡ ಮಾಧ್ಯಮದ ಶಾಲೆಯಿಂದ ಬಂದವರಿಗೆ ಇಲ್ಲಿ ಎಡರಾಗುವುದು ಪುಸ್ತಕಗಳು: ಪಾಠ ಕನ್ನಡದಲ್ಲಿ ನಡೆದರೂ ಆಕರಗ್ರಂಥಗಳು ಬಹುಪಾಲು ಇಂಗ್ಲಿಷಿನವೇ.

ನೆರವಿನ ಬಗೆಯೂ ಬದಲಾಗಿದೆ. ಈಗ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಅವನ ಅಥವಾ ಅವಳ ಸಭೆ ಶಿಫಾರಸು ಮಾಡುತ್ತದೆ, ಡಯಾಸಿಸ್, ಅಂದರೆ ಬಿಷಪರ ಆಡಳಿತದ ಸಭಾಪ್ರಾಂತ, ಆರಿಸಿ ಕಳಿಸುತ್ತದೆ, ಖರ್ಚಿನ ಹೊರೆಯಲ್ಲಿ ಪಾಲು ಹೊರುತ್ತದೆ. ಧಾರವಾಡ ಸೀಮೆಗೆ ಇದು ಧಾರವಾಡದಲ್ಲೇ ಕಚೇರಿಯಿರುವ ಉತ್ತರ ಕರ್ನಾಟಕ ಡಯಾಸಿಸ್. ಹೀಗೆ ಕಳಿಸಿದವರನ್ನು ಓದು ಮುಗಿದ ಮೇಲೆ ಯಾವ ಊರಿನ ಸಭೆಗೆ ನೇಮಿಸಬೇಕೆಂಬುದನ್ನೂ ಡಯಾಸಿಸ್ಸೇ ತೀರ್ಮಾನಿಸುತ್ತದೆ.