ಎರಡು ತಾಸಿನ ಪುಲಿಕೇಶಿ, ನಾಲ್ಕು ತಾಸಿನ ಪುಲಿಕೇಶಿ

2021ರ ಮಾರ್ಚ್‌ನಲ್ಲಿ ಝ್ಯಾಕ್ ಸ್ನೈಡರ್‌ನ ‘ಜಸ್ಟೀಸ್ ಲೀಗ್’ ಬಂದಾಗ ನಾನು ವರ್ಕ್ ಫ್ರಮ್ ಹೋಮ್ ಅಂತ ಗುಳೇದಗುಡ್ಡದ ಹತ್ತಿರದ ನಮ್ಮೂರಲ್ಲಿದ್ದೆ. ಲ್ಯಾಪ್‌ಟಾಪ್ ಮುಂದೆ ಕೂತವನು ಏಳಲೇ ಇಲ್ಲ. “ಏನ್ ಸಿನಿಮಾನೋ ತಮ್ಮಾ, ಮುಗಿಯಾಂಗಿಲ್ಲೇನು?” ಅಂದರು ಅಪ್ಪ. ನಾಲ್ಕು ತಾಸಿಂದು ಅಂದೆ. “ಅದೇನ್ ದೊಡ್ಡದು, ಶ್ರೀಕೃಷ್ಣ ಪಾರಿಜಾತ ಬೆಳತನಕ ನಡೀತಿತ್ತು” ಅಂತ ಹೇಳಿ ಮಲಗಿಬಿಟ್ಟರು.

ಆ ಸಿನಿಮಾದ ಕಥೆ ಗೊತ್ತಿರಬಹುದು. 2017ರಲ್ಲಿ ಮಗಳನ್ನು ಕಳೆದುಕೊಂಡ ಸ್ನೈಡರ್ ಕೆಲಸ ಅರ್ಧಕ್ಕೆ ಬಿಟ್ಟು ಹೊರಬಂದ. ಜಾಸ್ ವೀಡನ್ ಬಂದು ಒಂದಷ್ಟು ಹೊಸದಾಗಿ ಶೂಟ್ ಮಾಡಿ, ಎರಡು ತಾಸಿಗೆ ಕತ್ತರಿಸಿ ಥಿಯೇಟರಿಗೆ ಬಿಟ್ಟ. ಸೂಪರ್‌ಮ್ಯಾನ್ ಮೀಸೆಯನ್ನು ಕಂಪ್ಯೂಟರಿನಲ್ಲಿ ಬೋಳಿಸಿದ್ದು ಇದರಲ್ಲೇ. ಅಭಿಮಾನಿಗಳು ವರ್ಷಗಟ್ಟಲೆ ಹಟ ಹಿಡಿದ ಮೇಲೆ 242 ನಿಮಿಷದ ಸ್ನೈಡರ್ ಕಟ್ ಬಂತು. ಅದೆಲ್ಲಾ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಸ್ಲೋಮೋಷನ್ ತೆಗೆದರೆ ಅರ್ಧ ತಾಸು ಉಳೀತಿತ್ತು. ಆಕ್ವಾಮ್ಯಾನ್ ನೀರಿಗಿಳಿದ ಮೇಲೆ ಊರ ಹೆಂಗಸರು ನಿಂತು ಹಾಡುತ್ತಾರಲ್ಲ, ಅದು ಯಾಕೆ ಅಂತ ಇವತ್ತಿಗೂ ಅರ್ಥ ಆಗಿಲ್ಲ.

ಆದರೆ ಸೈಬೋರ್ಗ್‌ನನ್ನು ನೋಡಿ. ಎರಡು ತಾಸಿನ ಆವೃತ್ತಿಯಲ್ಲಿ ಅವನು ತಂಡದ ಟೆಕ್ ಸಪೋರ್ಟ್, ಅಷ್ಟೇ. ನಾಲ್ಕು ತಾಸಿನದರಲ್ಲಿ ಅವನಿಗೆ ಸತ್ತ ತಾಯಿ ಇದ್ದಾಳೆ, ಮುನಿಸಿಕೊಂಡ ಅಪ್ಪ ಇದ್ದಾನೆ, ಆ ಅಪ್ಪ ಮಗನ ಕಣ್ಣೆದುರೇ ಸಾಯುತ್ತಾನೆ. ಮೊದಲನೆಯದರಲ್ಲಿ ಅಪ್ಪ ಸಾಯುವುದೇ ಇಲ್ಲ. ಕತ್ತರಿ ಹಾಕಿದ್ದು ಬರೀ ಸೀನಿಗಲ್ಲ, ನೋವಿಗೆ.

ಇದನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ಕಡೆಯ ಸೂಪರ್‌ಹೀರೋ, ಇಮ್ಮಡಿ ಪುಲಿಕೇಶಿ. ನಮ್ಮೂರಿಂದ ಒಂದು ಕಡೆ ಬಾದಾಮಿ, ಇನ್ನೊಂದು ಕಡೆ ಐಹೊಳೆ, ಎರಡೂ ಬೈಕಿನ ದಾರಿ. ಶಾಲೆಯಲ್ಲಿ ನಮಗೆ ತೋರಿಸಿದ್ದು ಥಿಯೇಟರ್ ಕಟ್: ನರ್ಮದೆಯ ದಂಡೆಯಲ್ಲಿ ಹರ್ಷವರ್ಧನನನ್ನು ತಡೆದ, ದಕ್ಷಿಣಾಪಥೇಶ್ವರ ಅನಿಸಿಕೊಂಡ, ಮುಗೀತು. ಎರಡು ಮಾರ್ಕ್ಸಿನ ಪ್ರಶ್ನೆ.

ಉದ್ದದ ಆವೃತ್ತಿ ಐಹೊಳೆಯ ಮೇಗುತಿ ಬಸದಿಯ ಗೋಡೆ ಮೇಲಿದೆ. ಕ್ರಿ.ಶ. 634ರಲ್ಲಿ ರವಿಕೀರ್ತಿ ಸಂಸ್ಕೃತದಲ್ಲಿ ಬರೆದದ್ದು. ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ತಾನೇ ಸೇರಿಸಿಕೊಂಡ ಧೈರ್ಯವಂತ. ಹೊಗಳಿಕೆ ಏನೂ ಕಮ್ಮಿಯಿಲ್ಲ, ಹರ್ಷ ತನ್ನ ಹರ್ಷವನ್ನೇ ಕಳಕೊಂಡ ಅಂತ ಶ್ಲೇಷೆ ಬೇರೆ. ಆದರೂ ಶಾಲೆಯ ಪಾಠ ಬಿಟ್ಟದ್ದನ್ನು ಅವನು ಬಿಟ್ಟಿಲ್ಲ. ಚಿಕ್ಕಪ್ಪ ಮಂಗಳೇಶ ತನ್ನ ಮಗನಿಗೆ ಪಟ್ಟ ಕಟ್ಟಲು ಹೋಗಿ ರಾಜ್ಯವನ್ನೂ ಪ್ರಾಣವನ್ನೂ ಕಳಕೊಂಡದ್ದು ಅಲ್ಲಿದೆ. ಮನೆಯೊಳಗಿನ ಜಗಳ ಗೆದ್ದೇ ಪುಲಿಕೇಶಿ ರಾಜನಾದದ್ದು. ಇನ್ನೊಂದು ಸೀನು ಇದೆ: ಚಾಲುಕ್ಯ ಸೇನೆಯ ಧೂಳಿಗೆ ಮಂಕಾದ ಪಲ್ಲವರ ರಾಜ ಕಂಚಿಯ ಕೋಟೆ ಗೋಡೆಯ ಹಿಂದೆ ಅಡಗಿದ್ದು. ಓದುವಾಗ ಅದು ಇನ್ನೊಂದು ಗೆಲುವು ಅನಿಸುತ್ತೆ. ಮುಂದಿನ ಭಾಗಕ್ಕೆ ಅದೇ ಬೀಜ ಅನ್ನೋದು ರವಿಕೀರ್ತಿಗೂ ಗೊತ್ತಿರಲಿಲ್ಲ.

ಯಾಕಂದರೆ ಕ್ಲೈಮ್ಯಾಕ್ಸ್ ಇನ್ನೂ ನಡೆದೇ ಇರಲಿಲ್ಲ. ಆ ಪಲ್ಲವ ರಾಜ ಮಹೇಂದ್ರವರ್ಮನ ಮಗ ನರಸಿಂಹವರ್ಮ 642ರ ಸುಮಾರಿಗೆ ದಂಡು ತಂದು ವಾತಾಪಿಯನ್ನೇ, ಅಂದರೆ ಈಗಿನ ಬಾದಾಮಿಯನ್ನೇ ಹಿಡಿದ. ಪುಲಿಕೇಶಿ ಆ ಯುದ್ಧದಲ್ಲೇ ಸತ್ತಿರಬೇಕು ಅಂತ ಇತಿಹಾಸಕಾರರ ಊಹೆ. ರಾಜಧಾನಿ ಹತ್ತು ವರ್ಷಕ್ಕೂ ಹೆಚ್ಚು ವೈರಿಗಳ ಕೈಯಲ್ಲಿತ್ತು. ಇದನ್ನು ಹೇಳುವುದು ಚಾಲುಕ್ಯರ ಕವಿಯಲ್ಲ. ಬಾದಾಮಿಯಲ್ಲೇ ಬಂಡೆಯ ಮೇಲೆ ಪಲ್ಲವರು ಕೆತ್ತಿಸಿದ ಶಾಸನ ಹೇಳುತ್ತೆ. ಅರ್ಧಂಬರ್ಧ ಉಳಿದಿದೆ, ಆದರೆ ಉಳಿದಿದೆ.

ನನ್ನನ್ನು ಕಾಡಿದ್ದು ಅದೇ. 655ರ ಹೊತ್ತಿಗೆ ಪುಲಿಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಊರನ್ನು ವಾಪಸ್ ಗೆದ್ದ. ಅಪ್ಪನ ಸೋಲನ್ನು ಸಾರುವ ಅಕ್ಷರ ತನ್ನ ರಾಜಧಾನಿಯಲ್ಲೇ ಇತ್ತು. ಒಂದು ಉಳಿ, ಒಂದು ಮಧ್ಯಾಹ್ನ ಸಾಕಿತ್ತು ಅಳಿಸೋಕೆ. ಸ್ಟುಡಿಯೋದವರಾಗಿದ್ದರೆ ಅಳಿಸಿಯೇ ಬಿಡುತ್ತಿದ್ದರು. ಬೇಕಂತಲೇ ಬಿಟ್ಟರೋ, ಯಾರೂ ಗಮನಿಸಲಿಲ್ಲವೋ, ಅಂತೂ ಪೂರ್ತಿ ಅಳಿಯಲಿಲ್ಲ.

ಮುಂದೆ 8ನೇ ಶತಮಾನದಲ್ಲಿ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದವನು ಅಲ್ಲಿನ ಕೈಲಾಸನಾಥ ದೇವಸ್ಥಾನದ ಸಂಪತ್ತನ್ನು ಲೂಟಿ ಮಾಡದೆ ದೇವರಿಗೇ ಬಿಟ್ಟು, ಹಾಗಂತ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ಅವನ ರಾಣಿ ಲೋಕಮಹಾದೇವಿ ಅದೇ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಕಂಚಿಯವರೂ ಆ ಕನ್ನಡವನ್ನು ಕೆತ್ತಿ ತೆಗೆಯಲಿಲ್ಲ.

ಹೋದ ದೀಪಾವಳಿಗೆ ಅಕ್ಕನ ಮಗನನ್ನು ಬಾದಾಮಿಗೆ ಕರಕೊಂಡು ಹೋಗಿದ್ದೆ. ಏಳನೇ ಕ್ಲಾಸು, ಮಾರ್ವೆಲ್ ಪಕ್ಷದವನು. ಗುಹೆ ನೋಡಿ, ಕೆರೆ ದಂಡೆಯ ಮೇಲೆ ಕೂತು ಮಿರ್ಚಿ ತಿನ್ನುತ್ತಾ ಪೂರ್ತಿ ಕಥೆ ಹೇಳಿದೆ, ಚಿಕ್ಕಪ್ಪನಿಂದ ಹಿಡಿದು ಕಂಚಿಯ ಕಂಬದ ತನಕ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, “ಮಾಮಾ, ಮತ್ತ ನಮ್ಮ ಬುಕ್ಕಿನಾಗ ಅಂವಾ ಸೋತದ್ದು ಯಾಕಿಲ್ಲ?”