ಅಂಚಿನಲ್ಲಿ ಉಳಿದ ನುಡಿ

ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಗ್ರಂಥಾಲಯದಲ್ಲಿ ಚರ್ಮದ ಹಾಳೆಯ ಒಂದು ಹಸ್ತಪ್ರತಿಯಿದೆ. ಪ್ರಿಸ್ಕಿಯನ್ ಬರೆದ ಲ್ಯಾಟಿನ್ ವ್ಯಾಕರಣ ಅದು. 9ನೆಯ ಶತಮಾನದ ನಡುವಿನಲ್ಲಿ ಐರಿಷ್ ಸನ್ಯಾಸಿಗಳು ನಕಲು ಮಾಡಿದ್ದು. ಪಠ್ಯ ಒಣ ವ್ಯಾಕರಣವೇ. ಸ್ವಾರಸ್ಯವೆಲ್ಲ ಸಾಲುಗಳ ನಡುವೆ ಮತ್ತು ಅಂಚಿನಲ್ಲಿ.

ಲ್ಯಾಟಿನ್ ಅವರ ಮನೆಮಾತಲ್ಲ. ಹಾಗಾಗಿ ಕಠಿಣ ಪದದ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ ಐರಿಷ್ ಅರ್ಥ ಬರೆದರು. ದೂರದೂರ ಬಿದ್ದ ಕರ್ತೃ, ಕ್ರಿಯಾಪದಗಳಿಗೆ ಒಂದೇ ಗುರುತು ಹಾಕಿ ಅನ್ವಯ ತೋರಿಸಿದರು. ಇಂಥ ಟಿಪ್ಪಣಿಗಳು 9,000ಕ್ಕೂ ಹೆಚ್ಚು. ಅವುಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿದವು ಐರಿಷ್‌ನಲ್ಲಿವೆ.

ನಡುನಡುವೆ ಗೊಣಗಾಟವೂ ಉಂಟು. ಶಾಯಿ ತೆಳುವಾಗಿದೆ ಎಂದು ಒಂದು ಕಡೆ. ಇನ್ನೊಂದೆಡೆ, ಇವತ್ತು ಗಾಳಿ ಜೋರು, ಕಡಲುಗಳ್ಳರಾದ ವೈಕಿಂಗರು ಬರಲಾರರು ಎಂಬ ನಿರಾಳವನ್ನು ಪುಟ್ಟ ಪದ್ಯವಾಗಿಸಿದ್ದಾರೆ. ಮತ್ತೊಂದು ಪುಟದಲ್ಲಿ ಓಘಮ್ ಎಂಬ ಗೀರುಲಿಪಿಯಲ್ಲಿ ಒಂದೇ ಪದ: ಕುಡಿತ ಹೆಚ್ಚಾಗಿ ತಲೆಯೆತ್ತಲಾಗದ ಸ್ಥಿತಿ! ವ್ಯಾಕರಣದ ಪಾಠ ಆ ದಿನ ಎಷ್ಟು ಮುಂದೆ ಸಾಗಿತೋ.

ಸಾವಿರ ವರ್ಷದ ಬಳಿಕ ಈ ಗೀಚುಗಳ ಬೆಲೆ ಏರಿತು. ಅಷ್ಟು ಹಳೆಯ ಐರಿಷ್ ಬೇರೆಡೆ ಉಳಿದದ್ದು ಕಡಿಮೆ. ಜರ್ಮನಿಯ ಯೋಹಾನ್ ಕಾಸ್ಪರ್ ಝೊಯ್ಸ್ ಇಂಥ ಟಿಪ್ಪಣಿಗಳನ್ನೇ ಆಧರಿಸಿ 1853ರಲ್ಲಿ ಕೆಲ್ಟಿಕ್ ಭಾಷೆಗಳ ವ್ಯಾಕರಣ ಪ್ರಕಟಿಸಿದ. ಮುಂದೆ ಜಾನ್ ಸ್ಟ್ರಾಹನ್ ಜೊತೆಗೂಡಿ ಇವನ್ನೆಲ್ಲ ಸಂಪುಟಗಳಲ್ಲಿ ಸಂಪಾದಿಸಿದ ವಿಟ್ಲಿ ಸ್ಟೋಕ್ಸ್, ಅದಕ್ಕೆ ಮೊದಲು ಭಾರತದಲ್ಲಿದ್ದ ವಕೀಲ. ವೈಸರಾಯ್ ಮಂಡಳಿಯ ಕಾನೂನು ಸದಸ್ಯನೂ ಆಗಿದ್ದವನು.