ಗೋಡೆ ಗಿಡ್ಡವಾದ ಕಥೆ

ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯನೊಬ್ಬ ಹಳೇ ಮಾಜ್ದಾ ಮಿಯಾಟಾ ಕೊಂಡಿದ್ದಾನೆ. 1990ರ ಮಾಡೆಲ್, ಎರಡೇ ಸೀಟು, ಕೂತಲ್ಲಿಂದಲೇ ಕೈ ಚಾಚಿ ಹಿಂದಕ್ಕೆ ಮಡಚಬಹುದಾದ ಬಟ್ಟೆಯ ಟಾಪು. ವಾರವಿಡೀ ಅದರಲ್ಲೇ ಆಫೀಸು, ವೀಕೆಂಡ್ ಬಂದರೆ ಆಟೋಕ್ರಾಸ್, ವರ್ಷಕ್ಕೆ ಎರಡು ಸಲ ನಿಜವಾದ ರೇಸ್ ಟ್ರ್ಯಾಕಿನಲ್ಲಿ ಟ್ರ್ಯಾಕ್ ಡೇ, ಇದು ಅವನ ಪ್ಲಾನು. ಮೊನ್ನೆ ಮೆಸೇಜು ಬಂತು: "ಮಗಾ, 17 ಇಂಚಿನ ರಿಮ್ಮು, 40 ಪ್ರೊಫೈಲ್ ಟೈರು ಹಾಕ್ಸ್ಲಾ? ಸಖತ್ತಾಗಿ ಕಾಣುತ್ತೆ."

ಸಖತ್ತಾಗಿ ಕಾಣುತ್ತೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಬೇಗ ಓಡುತ್ತಾ? ಟೈರು ಗಿಡ್ಡವಾದಷ್ಟೂ ಕಾರು ವೇಗ ಅಂತ ನಾವೆಲ್ಲ ನಂಬಿಕೊಂಡು ಬಂದಿದ್ದೀವಲ್ಲ, ಆ ನಂಬಿಕೆ ಹುಟ್ಟಿದ್ದು ಎಲ್ಲಿ ಅಂತ ನೋಡೋಕೆ ಹೊರಟೆ.

ಮೊದಲು ಆ ನಂಬರಿನ ವಿಷಯ ಮುಗಿಸಿಬಿಡೋಣ. ಅವನ ಕಾರಿನ ಜೊತೆ ಕಂಪನಿಯಿಂದ ಬಂದ ಟೈರಿನ ಅಳತೆ 185/60R14. 185 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಅಂದರೆ ರಿಮ್ಮಿನ ಅಂಚಿನಿಂದ ನೆಲದವರೆಗಿನ ರಬ್ಬರು ಗೋಡೆಯ ಎತ್ತರ ಆ ಅಗಲದ ಶೇಕಡಾ 60, ಅಂದರೆ 111 ಮಿಲಿಮೀಟರು. R ಅಂದರೆ ರೇಡಿಯಲ್, 14 ಅಂದರೆ ರಿಮ್ಮಿನ ಇಂಚು. ಲೋ ಪ್ರೊಫೈಲ್ ಅನ್ನೋದೆಲ್ಲ ಈ ನಡುವಿನ ನಂಬರಿನ ಆಟ. ಅವನು ಕೇಳುತ್ತಿರೋ 205/40R17ರಲ್ಲಿ ಗೋಡೆ 82 ಮಿಲಿಮೀಟರಿಗೆ ಇಳಿಯುತ್ತೆ.

ತಮಾಷೆ ಅಂದರೆ, ಟೈರು ಹುಟ್ಟಿದ್ದೇ ಈ ಗೋಡೆ ಎತ್ತರವಾಗಿರಲಿ, ಮೆತ್ತಗಿರಲಿ ಅಂತ. ಬೆಲ್‌ಫಾಸ್ಟಿನಲ್ಲಿದ್ದ ಸ್ಕಾಟ್ಲೆಂಡಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್, ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕಾಡದಿರಲಿ ಅಂತ ರಬ್ಬರ್ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದ. 1888ರಲ್ಲಿ ಪೇಟೆಂಟೂ ಸಿಕ್ಕಿತು. ಎರಡು ವರ್ಷದ ಮೇಲೆ ಗೊತ್ತಾಯಿತು, ರಾಬರ್ಟ್ ವಿಲಿಯಂ ಥಾಮ್ಸನ್ ಅನ್ನುವವನು 1845ರಲ್ಲೇ ಇದೇ ಐಡಿಯಾಕ್ಕೆ ಪೇಟೆಂಟ್ ಪಡೆದು ಕೂತಿದ್ದ ಅಂತ. ಪಾಪ, ಡನ್ಲಪ್ಪನ ಪೇಟೆಂಟು ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಓಟಕ್ಕೆ ಮಿಶೆಲಿನ್ ಸಹೋದರರು ಗಾಳಿ ಟೈರಿನ ಕಾರನ್ನೇ ಇಳಿಸಿದರು. ದಾರಿಯುದ್ದಕ್ಕೂ ಪಂಚರ್ ಹಾಕಿದ್ದೇ ಹಾಕಿದ್ದು, ಗೆಲ್ಲಲಿಲ್ಲ. ಆದರೆ ಕಾರೂ ಗಾಳಿಯ ಮೇಲೆ ಓಡಬಹುದು ಅಂತ ಜನ ಕಣ್ಣಾರೆ ಕಂಡರು.

ಅಲ್ಲಿಂದ ಎಷ್ಟೋ ದಶಕ ಟೈರಿನ ಎತ್ತರವೂ ಅಗಲವೂ ಹೆಚ್ಚುಕಮ್ಮಿ ಒಂದೇ ಇತ್ತು. ಟೈರಿನೊಳಗಿನ ನೂಲಿನ ಪದರಗಳನ್ನು ಓರೆಯಾಗಿ, ಒಂದರ ಮೇಲೊಂದು ಅಡ್ಡಡ್ಡ ಹಾಸುತ್ತಿದ್ದರು. ನೆಲ ಮುಟ್ಟುವ ಭಾಗವೂ ಪಕ್ಕದ ಗೋಡೆಯೂ ಒಂದೇ ಬಟ್ಟೆಯಿಂದ ಹೊಲಿದ ಹಾಗೆ. ತಿರುವಿನಲ್ಲಿ ಗೋಡೆ ಬಾಗಿದರೆ ಅದು ನೆಲದ ಭಾಗವನ್ನೂ ಎಳೆದು ಒಂದು ಅಂಚನ್ನು ಎತ್ತಿಬಿಡುತ್ತಿತ್ತು. ಮಿಶೆಲಿನ್ 1946ರಲ್ಲಿ ಪೇಟೆಂಟ್ ಮಾಡಿದ ರೇಡಿಯಲ್ ಈ ಜಂಟಿ ಕುಟುಂಬವನ್ನು ಒಡೆಯಿತು. ಗೋಡೆಯ ನೂಲು ನೇರವಾಗಿ ಒಂದಂಚಿನಿಂದ ಇನ್ನೊಂದಕ್ಕೆ, ನೆಲದ ಭಾಗದ ಕೆಳಗೆ ಪ್ರತ್ಯೇಕ ಉಕ್ಕಿನ ಪಟ್ಟಿ. ಈಗ ಗೋಡೆ ತನ್ನ ಪಾಡಿಗೆ ಬಾಗಬಹುದು, ಮೇಲ್ಮೈ ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರಬಹುದು. 1949ರಲ್ಲಿ ಅದು 'ಎಕ್ಸ್' ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇವತ್ತಿನ ಲೋ ಪ್ರೊಫೈಲ್ ಟೈರು ಇದರ ಮೊಮ್ಮಗ.

ಹಾಗಂತ ತಾತನಿಗೆ ಹುಟ್ಟಿದ ತಕ್ಷಣ ಮೊಮ್ಮಗ ಬರಲಿಲ್ಲ. 1962ರ ಲೋಟಸ್ ಎಲಾನ್ ನೋಡಿ. ಇವತ್ತಿಗೂ ಇಂಜಿನಿಯರುಗಳು ತಿರುವಿನಲ್ಲಿ ಹೀಗೆ ಹೋಗಬೇಕು ಅಂತ ತೋರಿಸುವ ರೋಡ್‌ಸ್ಟರ್ ಅದು, ಮಿಯಾಟಾ ಮಾಡುವಾಗ ಮಾಜ್ದಾದವರ ಕಣ್ಮುಂದೆ ಇದ್ದ ಕಾರುಗಳಲ್ಲಿ ಒಂದು. ಅದರ ಟೈರು ಕಿರಿದು, 13 ಇಂಚಿನ ರಿಮ್ಮು, ದಪ್ಪ ಬನ್ನಿನಂಥ ಎತ್ತರದ ಗೋಡೆ. ಕಾರು ಹಗುರ ಇದ್ದರೆ ಗೋಡೆ ಬಾಗುವುದೇ ಕಡಿಮೆ. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಗೋಡೆ ಗಿಡ್ಡವಾಗಲೇಬೇಕಾದ ಅನಿವಾರ್ಯತೆ ಬಂದಿದ್ದು 1970ರ ದಶಕದಲ್ಲಿ, ಇಂಜಿನ್ನಿನ ಶಕ್ತಿ ಟೈರಿನ ಶಕ್ತಿಯನ್ನು ಮೀರಿದಾಗ. ಲ್ಯಾನ್ಸಿಯಾ ಸ್ಟ್ರಾಟೋಸ್ ಅನ್ನುವ ಬೆಣೆಯಾಕಾರದ ರ‍್ಯಾಲಿ ಕಾರು 1974, 75, 76 ಮೂರೂ ವರ್ಷ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿತು. ಅದರ ಪವರನ್ನು ನೆಲಕ್ಕೆ ಇಳಿಸಲಿಕ್ಕೆ ಇಟಲಿಯ ಪಿರೆಲ್ಲಿ ಮಾಡಿದ್ದೇ ಪಿ7. ಉಕ್ಕಿನ ಪಟ್ಟಿಗಳ ಮೇಲೆ ನೈಲಾನಿನ ಇನ್ನೊಂದು ಪಟ್ಟಿಯನ್ನು ಚಕ್ರ ಉರುಳುವ ದಿಕ್ಕಿನಲ್ಲೇ ಬಿಗಿಯಾಗಿ ಸುತ್ತಿದರು. ವೇಗ ಹೆಚ್ಚಿದಾಗ ಟೈರು ಹೊರಕ್ಕೆ ಹಿಗ್ಗುವುದನ್ನು ಅದು ಹಿಡಿದಿಡುತ್ತೆ. ಹೀಗೆ ಹಿಡಿದಿಟ್ಟಿದ್ದರಿಂದಲೇ ಅಷ್ಟು ಅಗಲದ, ಅಷ್ಟು ಗಿಡ್ಡ ಗೋಡೆಯ ಟೈರನ್ನು ರಸ್ತೆ ಕಾರಿಗೂ ಕೊಡೋಕೆ ಸಾಧ್ಯವಾಯಿತು. ಪೋರ್ಷೆ 911 ಟರ್ಬೊಗೆ 50 ಪ್ರೊಫೈಲಿನ ಪಿ7 ಬಂತು. 1978ರಲ್ಲಿ ಲ್ಯಾಂಬೋರ್ಗಿನಿ ಕೌಂಟಾಶ್ ಎಲ್‌ಪಿ 400 ಎಸ್‌ನ ಹಿಂದಿನ ಚಕ್ರಕ್ಕೆ 345/35. ಅಂದರೆ ಮೂವತ್ತನಾಲ್ಕೂವರೆ ಸೆಂಟಿಮೀಟರ್ ಅಗಲ! ರಸ್ತೆ ರೋಲರಿನ ಚಕ್ರ ಕಣ್ರೀ ಅದು. ಆದರೆ ರಿಮ್ಮು ಎಷ್ಟು ಅಂತೀರಿ? ಬರೀ 15 ಇಂಚು.

ನನ್ನ ಪ್ರಕಾರ ದಾರಿ ತಪ್ಪಿದ್ದು ಇಲ್ಲೇ. ಕೌಂಟಾಶ್ ಪೋಸ್ಟರ್ ಆಗಿ ಹುಡುಗರ ಕೋಣೆಯ ಗೋಡೆ ಏರಿತು. ಆ ಟೈರು ಯಾವ ಸಮಸ್ಯೆಗೆ ಉತ್ತರವಾಗಿ ಬಂತು ಅನ್ನೋದು ಪೋಸ್ಟರಿನಲ್ಲಿ ಕಾಣೋದಿಲ್ಲ, ಟೈರು ಮಾತ್ರ ಕಾಣುತ್ತೆ. 1984ರ ಷೆವ್ರೊಲೆ ಕಾರ್ವೆಟ್ 255/50ರ ಗುಡ್‌ಇಯರ್ ಟೈರು ಹಾಕಿಕೊಂಡು ಬಂದಾಗ ಅಮೆರಿಕದ ಮಧ್ಯಮವರ್ಗಕ್ಕೂ ಆಸೆ ಹತ್ತಿತು. ರಿಮ್ಮು ಒಂದಿಂಚು ಹೆಚ್ಚಿಸಿ ಗೋಡೆ ಅಷ್ಟು ತಗ್ಗಿಸುವ 'ಪ್ಲಸ್ ಒನ್' ಲೆಕ್ಕ ಟೈರ್ ಅಂಗಡಿಗಳ ಬಾಯಿಪಾಠವಾಯಿತು. ಈಗ ನಮ್ಮ ಜೆ.ಸಿ. ರೋಡಿನಲ್ಲಿ ಹೋಗಿ 'ಅಪ್‌ಸೈಜ್' ಅಂದರೂ ಸಾಕು, ಅದೇ ಲೆಕ್ಕ ಹೇಳ್ತಾರೆ. ಅಲ್ಲಿಂದ ಹೊರಬಿದ್ದು ಮೊದಲ ಗುಂಡಿಗೇ ರಿಮ್ ಬೆಂಡ್ ಮಾಡಿಕೊಂಡವರಿಗೆ, ಡನ್ಲಪ್ಪನ ಮಗನ ಸೈಕಲ್ಲಿಗೆ ಗಾಳಿ ಯಾಕೆ ಬೇಕಾಗಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಗಿಡ್ಡ ಗೋಡೆಯಿಂದ ಲಾಭವೇ ಇಲ್ಲ ಅಂತಲ್ಲ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ಮಾತು ಕೇಳುತ್ತೆ, ನಡುವೆ ಗೋಡೆ ಬಾಗೋವರೆಗೂ ಕಾಯಬೇಕಿಲ್ಲ. ರಿಮ್ಮು ದೊಡ್ಡದಾದರೆ ಒಳಗೆ ದೊಡ್ಡ ಬ್ರೇಕ್ ಹಿಡಿಸುತ್ತೆ. ಒಂದೂವರೆ ಟನ್ನಿನ, ನಾನೂರು ಕುದುರೆಶಕ್ತಿಯ ಕಾರಿಗೆ ಇದೆರಡೂ ಬೇಕೇಬೇಕು. ಆದರೆ 1989ರ ಫೆಬ್ರವರಿಯಲ್ಲಿ ಷಿಕಾಗೊ ಆಟೋ ಶೋದಲ್ಲಿ ಪರದೆ ಸರಿಸಿಕೊಂಡು ಬಂದ ಮಿಯಾಟಾ ಇನ್ನೊಂದು ಜಾತಿ. 1.6 ಲೀಟರ್ ಇಂಜಿನ್ನು, ತೂಕ ಒಂದು ಟನ್ನಿಗೂ ಕಡಿಮೆ. ಕಾರೂ ಸವಾರನೂ ಕುದುರೆ–ಸವಾರರ ಹಾಗೆ ಒಂದೇ ಆಗಿರಬೇಕು ಅನ್ನೋ ಅರ್ಥದ ಜಪಾನೀ ಮಾತೊಂದನ್ನು ಮಾಜ್ದಾದವರು ಮಂತ್ರ ಮಾಡಿಕೊಂಡಿದ್ದರು. ಆ ಕುದುರೆಗೆ ದೊಡ್ಡ ಲಾಳ ಹೊಡೆದರೆ ಏನಾಗುತ್ತೆ? ಲೋಹ ಚಕ್ರದ ನಡುವಿನಿಂದ ದೂರ ಸರಿದಷ್ಟೂ ಅದನ್ನು ತಿರುಗಿಸೋಕೆ, ನಿಲ್ಲಿಸೋಕೆ ಶ್ರಮ ಜಾಸ್ತಿ. 205/40R17 ಹಾಕಿದರೆ ಚಕ್ರದ ಒಟ್ಟು ವ್ಯಾಸ 578ರಿಂದ 596 ಮಿಲಿಮೀಟರಿಗೆ ಏರುತ್ತೆ, ಅಂದರೆ ಎಲ್ಲ ಗೇರುಗಳೂ ಶೇಕಡಾ 3ರಷ್ಟು ಉದ್ದವಾದ ಹಾಗೆ. ಮೊದಲೇ ಬಡಪಾಯಿ ಇಂಜಿನ್ನು! 205/50R15 ಹಾಕಿದರೆ ಅದೇ ಅಗಲಕ್ಕೆ ವ್ಯಾಸ 586. ಇಲ್ಲಿ ಎಲಾನಿನ ಪಾಠ ನೆನಪಿಗೆ ಬರಬೇಕು.

ಇದನ್ನು ಪೋಸ್ಟರಿಗಿಂತ ಚೆನ್ನಾಗಿ ಕಲಿಸಿದ್ದು ಗಡಿಯಾರ. ಬ್ರಿಟನ್ನಿನಲ್ಲಿ, ಬಹುಮಟ್ಟಿಗೆ ನಮ್ಮಲ್ಲೂ, ಆಟೋಕ್ರಾಸ್ ಅಂದರೆ ಮಣ್ಣಿನ ಮೇಲಿನ ಓಟ. ಅಮೆರಿಕದಲ್ಲಿ ಹಾಗಲ್ಲ. ಖಾಲಿ ಪಾರ್ಕಿಂಗ್ ಜಾಗ, ಹಳೇ ರನ್‌ವೇ, ಅದರ ಮೇಲೆ ಕಿತ್ತಳೆ ಬಣ್ಣದ ಕೋನ್‌ಗಳಿಂದ ಬರೆದ ದಾರಿ. ಒಬ್ಬೊಬ್ಬರೇ ಓಡಬೇಕು, ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು, ಕೋನ್ ಬೀಳಿಸಿದರೆ ಎರಡು ಸೆಕೆಂಡ್ ದಂಡ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ 1973ರಿಂದ ಇದಕ್ಕೆ ರಾಷ್ಟ್ರೀಯ ಚಾಂಪಿಯನ್‌ಶಿಪ್ಪನ್ನೇ ನಡೆಸುತ್ತಿದೆ. ಅವರ ಸ್ಟ್ರೀಟ್ ವಿಭಾಗದ ನಿಯಮದಲ್ಲಿ ರಿಮ್ಮಿನ ಅಗಲ ಮೂಲದ್ದೇ ಇರಬೇಕು, ವ್ಯಾಸ ಒಂದಿಂಚು ಹೆಚ್ಚುಕಮ್ಮಿ ಆಗಬಹುದು ಅಷ್ಟೆ. 17 ಹಾಕಿದರೆ ನನ್ನ ಗೆಳೆಯ ಆ ವಿಭಾಗದಿಂದ ಸೀದಾ ಹೊರಗೆ. ಇನ್ನು ಮಿಯಾಟಾಗಳದ್ದೇ ಆದ 'ಸ್ಪೆಕ್ ಮಿಯಾಟಾ' ಟ್ರ್ಯಾಕ್ ರೇಸುಗಳಲ್ಲಿ ವರ್ಷಗಟ್ಟಲೆಯಿಂದ ಓಡುತ್ತಿರೋದು 15 ಇಂಚಿನ, 7 ಇಂಚು ಅಗಲದ ರಿಮ್ಮು, 205/50ರ ಟೈರು.

ಟೈಮು ಇಳಿಸೋದು ಹೆಚ್ಚಾಗಿ ರಬ್ಬರಿನ ಗುಣ, ಗೋಡೆಯ ಎತ್ತರ ಅಲ್ಲ. ಅಮೆರಿಕದಲ್ಲಿ ಹೆಚ್ಚಿನ ಕಾರು ಟೈರುಗಳ ಮೇಲೆ 'ಟ್ರೆಡ್‌ವೇರ್' ಅಂತ ಒಂದು ನಂಬರ್ ಇರುತ್ತೆ. ಟೆಕ್ಸಾಸಿನ ಸ್ಯಾನ್ ಆಂಜೆಲೊ ಸುತ್ತಿನ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, 100 ಅಂತ ಗುರುತಿಸಿದ ಮಾದರಿ ಟೈರಿಗೆ ಹೋಲಿಸಿ ಸವಕಳಿ ಅಳೆಯೋ ಪದ್ಧತಿ. ನಂಬರ್ ಕಡಿಮೆಯಾದಷ್ಟೂ ರಬ್ಬರು ಮೆತ್ತಗೆ, ಹಿಡಿತ ಜಾಸ್ತಿ, ಆಯಸ್ಸು ಕಡಿಮೆ. ಆದರೆ ಆ ನಂಬರನ್ನು ಕೊನೆಗೆ ಅಚ್ಚು ಹಾಕೋದು ಕಂಪನಿಯೇ! ರಸ್ತೆ ಟೈರಿನ ವಿಭಾಗಗಳಿಗೆ ಕನಿಷ್ಠ 200 ಅಂತ ಕ್ಲಬ್ ನಿಯಮ ಮಾಡಿತು ನೋಡಿ, ಹೆಸರಿಗೆ 200, ಸ್ವಭಾವದಲ್ಲಿ ಅರ್ಧ ರೇಸ್ ಟೈರು ಅನ್ನೋ ತಳಿಯೇ ಹುಟ್ಟಿಕೊಂಡಿತು. ಮಾರ್ಕ್ಸ್ ಕಾರ್ಡಿಗೆ ತಕ್ಕ ಹಾಗೆ ಓದೋ ಹುಡುಗರು ಎಲ್ಲಾ ಕಡೆ ಇರ್ತಾರೆ.

ಗೆಳೆಯನಿಗೆ ಇದೆಲ್ಲ ಬರೆದು ಕಳಿಸಿದೆ. ಅವನ ವಾದ ಒಂದೇ: "ಫಾರ್ಮುಲಾ ಒನ್ನಲ್ಲೇ ಲೋ ಪ್ರೊಫೈಲ್ ಇದೆಯಲ್ಲೋ?" ಇದೆ, 2022ರಿಂದ. ಅಲ್ಲಿ 18 ಇಂಚಿನ ರಿಮ್ಮು ಬಂತು, ರಸ್ತೆ ಕಾರುಗಳ ಟೈರಿಗೆ ಹತ್ತಿರವಾಗಲಿ ಅನ್ನೋದು ಮುಖ್ಯ ಕಾರಣಗಳಲ್ಲೊಂದು. 2021ರವರೆಗೂ ನಿಯಮದ ಪ್ರಕಾರ ಅವರು ಓಡಿಸಿದ್ದು 13 ಇಂಚಿನ ರಿಮ್ಮು, ಉಬ್ಬಿದ ಎತ್ತರದ ಗೋಡೆ. ಸಸ್ಪೆನ್ಷನ್ ಮಾಡಬೇಕಾದ ಕೆಲಸದ ದೊಡ್ಡ ಪಾಲನ್ನು ಆ ಗೋಡೆಯೇ ಮಾಡುತ್ತಿತ್ತು. ಶೂಮಾಕರ್ ಏಳು ಸಲ ಚಾಂಪಿಯನ್ ಆಗಿದ್ದು, ಹ್ಯಾಮಿಲ್ಟನ್ ಏಳು ಸಲ ಆಗಿದ್ದು, ಎಲ್ಲ ಅದರ ಮೇಲೇ.

ಎರಡು ದಿನ ಸುದ್ದಿ ಇಲ್ಲ. ಆಮೇಲೆ ಒಂದು ಫೋಟೋ ಬಂತು. 15 ಇಂಚಿನ, 7 ಅಗಲದ ರಿಮ್ಮು, 205/50, ಟ್ರೆಡ್‌ವೇರ್ 200. ಅಗಲ ಜಾಸ್ತಿಯಾಗಿ ಸ್ಟ್ರೀಟ್ ವಿಭಾಗ ಹೇಗೂ ತಪ್ಪಿಹೋಯಿತು, ಆದರೆ ಟ್ರ್ಯಾಕ್ ಡೇಗೂ ಇದೇ ಆಗಲಿ ಅಂತ ಅವನ ಲೆಕ್ಕ. ಟೈರಿನ ಭುಜದಿಂದ ಗೋಡೆಯ ಕೆಳಗಿನವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದ. ಓಟ ಮುಗಿಸಿ ಬಂದಾಗ ಆ ಗೆರೆ ಎಲ್ಲಿವರೆಗೆ ಅಳಿಸಿದೆ ಅಂತ ನೋಡಿದರೆ, ತಿರುವಿನಲ್ಲಿ ಟೈರು ಎಷ್ಟು ಹೊರಳಿತು ಅನ್ನೋದು ತಿಳಿಯುತ್ತೆ. ಗೋಡೆಯ ಕಡೆ ಜಾಸ್ತಿ ಅಳಿಸಿದ್ದರೆ ಗಾಳಿ ಸ್ವಲ್ಪ ಏರಿಸಬೇಕು, ಭುಜದವರೆಗೂ ಅಳಿಸಿಲ್ಲ ಅಂದರೆ ಇಳಿಸಬೇಕು. ಫೋಟೋದ ಕೆಳಗೆ ಬರೆದಿದ್ದ: "ಇನ್ನೂ ಎರಡು ಪೌಂಡ್ ಬೇಕು ಅನ್ಸುತ್ತೆ. ಮೂರನೇ ರನ್ನಲ್ಲಿ ನೋಡ್ತೀನಿ."